ಹೊರದೇಶದ ಕೆಲಸ, ಹೊರದೇಶದ ಪೌರತ್ವ: ಹೊರಡುವ ಮುನ್ನ ತಿಳಿದಿರಲಿ

ಚೆನ್ನೈನ ಗಿಂಡಿ ಕೈಗಾರಿಕಾ ಎಸ್ಟೇಟಿನ ಆಲಂದೂರು ರಸ್ತೆಯಲ್ಲಿ ತಮಿಳುನಾಡು ಸರ್ಕಾರದ ಓವರ್‌ಸೀಸ್ ಮ್ಯಾನ್‌ಪವರ್ ಕಾರ್ಪೊರೇಷನ್ ಇದೆ. 1978ರಲ್ಲಿ ಶುರುವಾದ ಈ ನಿಗಮದ ಕೆಲಸ ವಿದೇಶಿ ಉದ್ಯೋಗಕ್ಕೆ ಜನರನ್ನು ಆರಿಸಿ ಕಳಿಸುವುದು. 2015ರಲ್ಲಿ ಕೇಂದ್ರ ಸರ್ಕಾರ ಕೊಲ್ಲಿ ಮುಂತಾದ ದೇಶಗಳಿಗೆ ನರ್ಸ್‌ಗಳ ನೇಮಕವನ್ನು ಸರ್ಕಾರಿ ಸಂಸ್ಥೆಗಳಿಗೆ ವಹಿಸಿದಾಗ ಆ ಪಟ್ಟಿಯಲ್ಲಿ ಇದೂ ಇತ್ತು. ಇಂಥ ನಿಗಮದ ಮೂಲಕವಾಗಲಿ, ಏಜೆಂಟರ ಮೂಲಕವಾಗಲಿ ವಿದೇಶಕ್ಕೆ ಹೊರಟವರಿಗೆ ಇರುವ ಪ್ರಶ್ನೆಗಳು ಎರಡು: ಏಜೆಂಟಿಗೆ ಎಷ್ಟು ಕೊಡಬೇಕು? ಅಲ್ಲೇ ನೆಲೆಸಿದರೆ ನಮ್ಮ ಪೌರತ್ವದ ಗತಿ ಏನು?

ಹೊರಡುವಾಗ

1983ರ ವಲಸೆ ಕಾಯ್ದೆಯ ಪ್ರಕಾರ ನೋಂದಣಿ ಇಲ್ಲದ ಏಜೆಂಟ್ ಯಾರನ್ನೂ ವಿದೇಶಿ ಕೆಲಸಕ್ಕೆ ಕಳಿಸುವಂತಿಲ್ಲ. ಏಜೆಂಟಿನ ನೋಂದಣಿ ಸಂಖ್ಯೆಯನ್ನು ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಿಕೊಳ್ಳಿ. ಸೇವಾ ಶುಲ್ಕದ ಮಿತಿ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಕೊಟ್ಟ ಹಣಕ್ಕೆ ರಸೀದಿ ಕೇಳಿ.

ಪಾಸ್‌ಪೋರ್ಟಿನಲ್ಲಿ ಇಸಿಆರ್ ಎಂಬ ಮುದ್ರೆ ಇದ್ದರೆ, ನಿಗದಿತ ದೇಶಗಳಿಗೆ ಕೆಲಸಕ್ಕೆ ಹೋಗಲು ವಲಸೆ ಅನುಮತಿ ಬೇಕು. ಹತ್ತನೇ ತರಗತಿ ಪಾಸಾದವರಿಗೆ ಸಾಮಾನ್ಯವಾಗಿ ಈ ಮುದ್ರೆ ಬೀಳುವುದಿಲ್ಲ. ‘ಪ್ರವಾಸಿ ವೀಸಾದಲ್ಲಿ ಹೋಗಿ, ಅಲ್ಲಿ ಸರಿಮಾಡೋಣ’ ಎನ್ನುವ ಏಜೆಂಟನ್ನು ನಂಬಬೇಡಿ. ಅನುಮತಿಯೊಂದಿಗೆ ಹೋದವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಇದೆ: ಎರಡು ವರ್ಷಕ್ಕೆ 275 ರೂಪಾಯಿ ಕಂತು, ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯವಾದರೆ 10 ಲಕ್ಷ ರೂಪಾಯಿ ಪರಿಹಾರ.

ನೆಲೆಸುವಾಗ

ವಿದೇಶದಲ್ಲಿ ಎಷ್ಟೇ ವರ್ಷ ದುಡಿದರೂ, ಅಮೆರಿಕದ ಗ್ರೀನ್ ಕಾರ್ಡ್ ಸಿಕ್ಕರೂ ಭಾರತದ ಪೌರತ್ವ ಹೋಗುವುದಿಲ್ಲ. ಅನಿವಾಸಿಯೂ ನಮೂನೆ 6ಎ ತುಂಬಿ ಮತದಾರರ ಪಟ್ಟಿಗೆ ಸೇರಬಹುದು. ಮತ ಹಾಕಲು ಮಾತ್ರ ಊರಿಗೆ ಬರಬೇಕು. ಆದರೆ ಸ್ವಇಚ್ಛೆಯಿಂದ ಬೇರೆ ದೇಶದ ಪೌರರಾದ ಕ್ಷಣವೇ, 1955ರ ಪೌರತ್ವ ಕಾಯ್ದೆಯ 9ನೇ ಕಲಮಿನಂತೆ, ಇಲ್ಲಿನ ಪೌರತ್ವ ಮುಗಿಯುತ್ತದೆ. ಅರ್ಜಿ, ಆದೇಶ ಏನೂ ಬೇಕಿಲ್ಲ. ಭಾರತದ ಪಾಸ್‌ಪೋರ್ಟ್ ಒಪ್ಪಿಸಿ ಸರೆಂಡರ್ ಸರ್ಟಿಫಿಕೇಟ್ ಪಡೆಯಬೇಕು. ಆ ಹಳೆಯ ಪಾಸ್‌ಪೋರ್ಟನ್ನೇ ಬಳಸುತ್ತಾ ಹೋದರೆ ಅಪರಾಧ.

ಆಗ ತನ್ನ ಆಳ್ವಿಕೆಯಲ್ಲಿದ್ದ ಹಾಂಗ್‌ಕಾಂಗ್‌ನಲ್ಲಿ ಬ್ರಿಟನ್ ಬೇರೆ ದಾರಿ ಹಿಡಿದಿತ್ತು. 1997ರಲ್ಲಿ ಚೀನಾಕ್ಕೆ ಸೇರಬೇಕಿದ್ದ ಆ ಊರನ್ನು ನುರಿತ ಕೆಲಸಗಾರರು ಬಿಡತೊಡಗಿದಾಗ, 1990ರ ಕಾಯ್ದೆ 50,000 ಮಂದಿಗೆ, ಅವರ ಸಂಗಾತಿ-ಮಕ್ಕಳಿಗೆ ಬ್ರಿಟಿಷ್ ಪೌರತ್ವಕ್ಕೆ ಅವಕಾಶ ಕೊಟ್ಟಿತು. ಪಾಸ್‌ಪೋರ್ಟ್ ಕೈಲಿದ್ದರೆ ಧೈರ್ಯವಾಗಿ ಅಲ್ಲೇ ಇರುತ್ತಾರೆಂಬ ಲೆಕ್ಕ. ಆದರೆ ಭಾರತ ಎರಡು ಪೌರತ್ವ ಒಪ್ಪುವುದಿಲ್ಲ. ಹೋದವರ ನಂಟಿಗಾಗಿ 2006ರಿಂದ ಒಸಿಐ ಕಾರ್ಡ್ ಕೊಡುತ್ತಿದೆ.

ಒಸಿಐ ಕೊಡುವುದು, ಕೊಡದಿರುವುದು

ಹೆಸರಿನಲ್ಲಿ ‘ಸಾಗರೋತ್ತರ ನಾಗರಿಕ’ ಎಂದಿದ್ದರೂ ಇದು ಪೌರತ್ವವಲ್ಲ. ಇದರಿಂದ ಜೀವಮಾನದ ವೀಸಾ ಸಿಗುತ್ತದೆ, ಮನೆ, ಫ್ಲ್ಯಾಟ್ ಕೊಳ್ಳಬಹುದು. ಮತದಾನ, ಚುನಾವಣಾ ಸ್ಪರ್ಧೆ ಇಲ್ಲ, ಸರ್ಕಾರಿ ನೌಕರಿಯೂ ಸಾಮಾನ್ಯವಾಗಿ ಇಲ್ಲ. ಕೃಷಿ ಜಮೀನು ಖರೀದಿಗೆ ಒಸಿಐ, ಅನಿವಾಸಿ ಇಬ್ಬರಿಗೂ ಅಡ್ಡಿ. ಹಿರಿಯರಿಂದ ಉತ್ತರಾಧಿಕಾರದಲ್ಲಿ ಬರುವುದಕ್ಕೆ ಅಡ್ಡಿಯಿಲ್ಲ.

ಆದ್ದರಿಂದ ಬೇರೆ ದೇಶದ ಪೌರತ್ವಕ್ಕೆ ಅರ್ಜಿ ಹಾಕುವ ಮೊದಲೇ ಮತ, ನೌಕರಿ, ಜಮೀನಿನ ಲೆಕ್ಕ ಮನೆಯಲ್ಲಿ ಕೂತು ಮಾಡಿ. ನೇಮಕದ ಬಗ್ಗೆ ಅನುಮಾನ ಬಂದರೆ ಹಣ ಕಟ್ಟುವ ಮುಂಚೆ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ಸಂಖ್ಯೆ 1800 11 3090ಕ್ಕೆ ಕರೆ ಮಾಡಿ.