ಎಂಜಿನ್ ಎಷ್ಟು ಗಾಳಿ ಎಳೆಯಿತು?

ಬಿಸಿ ಚಹಾಕ್ಕೆ ಜೋರಾಗಿ ಊದಿದರೆ ಬೇಗ ಆರುತ್ತದೆ, ಅಲ್ವಾ? ಕಾರಿನ ಗಾಳಿಮಾಪಕದ ಗುಟ್ಟೂ ಅದೇ. ಗಾಳಿ ಹೋಗುವ ಕೊಳವೆಯಲ್ಲಿ ಒಂದು ಬಿಸಿ ತಂತಿ ಇರುತ್ತದೆ. ಗಾಳಿ ತಣಿಸಿದಷ್ಟೂ ಅದನ್ನು ಬಿಸಿಯಾಗಿಡಲು ಹೆಚ್ಚು ವಿದ್ಯುತ್ ಬೇಕು. ಅದರಿಂದಲೇ ಕಾರಿನ ಕಂಪ್ಯೂಟರ್ ಗಾಳಿಯ ದ್ರವ್ಯರಾಶಿ ತಿಳಿದು ಪೆಟ್ರೋಲ್ ಬಿಡುತ್ತದೆ. 1 ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು.

ಒಂದು ಲೆಕ್ಕ ಮಾಡೋಣ. ಜಪಾನಿನ ನಿಸಾನ್ 1989ರಲ್ಲಿ ತಂದ ಸ್ಕೈಲೈನ್ ಜಿಟಿ-ಆರ್ ಕಾರಿಗೆ 2.6 ಲೀಟರ್ ಎಂಜಿನ್, ಎರಡು ಟರ್ಬೊ, ಎರಡು ಗಾಳಿಮಾಪಕ. (ಟರ್ಬೊ ಅಂದರೆ ಎಂಜಿನ್ನಿನ ಹೊಗೆಯ ಬಲದಿಂದಲೇ ತಿರುಗಿ ಗಾಳಿ ತುರುಕುವ ಪಂಪು.) ಫೋರ್-ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೊಮ್ಮೆ ಗಾಳಿ ತುಂಬಿಕೊಳ್ಳುತ್ತದೆ. ನಿಮಿಷಕ್ಕೆ 6000 ಸುತ್ತಾದರೆ 3000 × 2.6 = 7800 ಲೀಟರ್; ಸೆಕೆಂಡಿಗೆ 130. ಲೀಟರಿಗೆ 1.2 ಗ್ರಾಂ ಹಿಡಿದರೆ 156 ಗ್ರಾಂ. ಟರ್ಬೊ ಒತ್ತಡವನ್ನು ದುಪ್ಪಟ್ಟು ಮಾಡಿದರೆ 312. ನಿಜದಲ್ಲಿ ಒತ್ತಿದ ಗಾಳಿ ಬಿಸಿಯಾಗುವುದರಿಂದ ಸ್ವಲ್ಪ ಕಡಿಮೆ.

ಇನ್ನೂ ಶಕ್ತಿ ಬೇಕು ಅಂತ ಒತ್ತಡ ಏರಿಸುವವರು ಎಡವುವುದು ಇಲ್ಲೇ. ಮಾಪಕದ ಸಂಕೇತ 5 ವೋಲ್ಟಿನ ಹತ್ತಿರ ನಿಂತುಬಿಡುತ್ತದೆ. 10 ಕಿಲೋ ತೂಗುವ ಮುಳ್ಳಿನ ತಕ್ಕಡಿಗೆ 15 ಕಿಲೋ ಮೂಟೆ ಇಟ್ಟಂತೆ! ಗಾಳಿ ಹೆಚ್ಚಿದ್ದು ಕಂಪ್ಯೂಟರಿಗೆ ಗೊತ್ತೇ ಆಗಲ್ಲ. ಪೆಟ್ರೋಲ್ ಸಾಲದೆ, ಒಳಗೆ ಟಕಟಕ ಬಡಿತ ಶುರುವಾಗಿ ಪಿಸ್ಟನ್ ಕರಗಿ ತೂತಾಗಬಹುದು.

ಅದಕ್ಕೇ ದೊಡ್ಡ ಕೊಳವೆಯ ಮಾಪಕ ಹಾಕುತ್ತಾರೆ. ಅಡ್ಡಕೊಯ್ತದ ವಿಸ್ತೀರ್ಣ ದುಪ್ಪಟ್ಟಾದರೆ ಗಾಳಿಯ ವೇಗ ಅರ್ಧ. ಆದರೆ ಕಂಪ್ಯೂಟರಿನೊಳಗಿನ ಪಟ್ಟಿಯನ್ನೂ ಬದಲಿಸಬೇಕು, ಇಲ್ಲದಿದ್ದರೆ ಬಂದದ್ದೇ ಕಡಿಮೆ ಗಾಳಿ ಅಂತ ಅದು ನಂಬುತ್ತದೆ. ಕೆಲವರು ಮಾಪಕವನ್ನೇ ತೆಗೆದು, ಒತ್ತಡ ಮತ್ತು ತಾಪ ಅಳೆದು, ಆದರ್ಶ ಅನಿಲ ಸಮೀಕರಣದಿಂದ ಗಾಳಿಯ ಲೆಕ್ಕ ಹಾಕಿಸುತ್ತಾರೆ.

ಈಗ ನೀವು ಹೇಳಿ: 312 ಗ್ರಾಂ ಗಾಳಿಗೆ ಸೆಕೆಂಡಿಗೆ ಎಷ್ಟು ಗ್ರಾಂ ಪೆಟ್ರೋಲ್ ಬೇಕು?