ಉಯಿಲಿನಲ್ಲಿ ಸಿಗುವ ಹಿರಿಯರು: ಪತ್ರ ಓದಿ ಕಲಿತ ಪಾಠಗಳು

ಶ್ರಾದ್ಧದ ದಿನ ಪುರೋಹಿತರು ಕೇಳುವುದು ಮೂರು ತಲೆಮಾರಿನ ಹೆಸರು: ತಂದೆ, ಅಜ್ಜ, ಮುತ್ತಜ್ಜ. ಹೆಚ್ಚಿನ ಮನೆಗಳ ನೆನಪು ಅಲ್ಲಿಗೆ ಮುಗಿಯುತ್ತದೆ. ಅವರ ಹಿಂದಿನವರು ಯಾರು, ಎಲ್ಲಿಂದ ಬಂದರು, ಅವರಿಗೆ ಅಕ್ಕತಂಗಿಯರು ಎಷ್ಟು ಜನ ಎಂಬುದನ್ನು ಯಾರೂ ಎಲ್ಲಿಯೂ ಬರೆದಿಟ್ಟಿಲ್ಲ ಎಂದೇ ಜನ ತಿಳಿದಿರುತ್ತಾರೆ. ಎಷ್ಟೋ ಸಲ ಬರೆದಿಟ್ಟಿರುತ್ತದೆ. ದಕ್ಷಿಣ ಕನ್ನಡದ ಜಮೀನು ಪತ್ರಗಳನ್ನು ಪರಿಶೀಲಿಸುವ ವಕೀಲಿಕೆಯಲ್ಲಿ ನನ್ನ ಆಯುಷ್ಯದ ದೊಡ್ಡ ಪಾಲು ಕಳೆದಿದೆ. ಹಕ್ಕು ಸರಿಯಿದೆಯೇ ಎಂದು ನೋಡಲು ಬಿಡಿಸಿದ ಹಳೆಯ ಉಯಿಲಿನಲ್ಲಿ, ಆ ಮನೆಯವರೇ ಹೆಸರು ಕೇಳದ ಅಜ್ಜಿಯರು, ಸೋದರತ್ತೆಯರು ಎದುರಾದದ್ದನ್ನು ಮತ್ತೆ ಮತ್ತೆ ಕಂಡಿದ್ದೇನೆ. ತಾನು ಹೋದ ಮೇಲೆ ಯಾರಿಗೆ ಅನ್ಯಾಯವಾದೀತು ಎಂದು ಒಬ್ಬ ಮನುಷ್ಯ ಪಟ್ಟ ಚಿಂತೆಯನ್ನು ಉಯಿಲು ಹಿಡಿದಿಡುತ್ತದೆ. ಹಾಗೆ ಓದಿದವರಿಗೆ ಅದು ಹೆಚ್ಚು ಹೇಳುತ್ತದೆ.

1. ಉಯಿಲು ಬರೆಸಿದ್ದೇಕೆ ಎಂದು ಮೊದಲು ಕೇಳಿಕೊಳ್ಳಿ

1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬರುವವರೆಗೆ ಮಿತಾಕ್ಷರ ಪದ್ಧತಿಯ ಅವಿಭಕ್ತ ಕುಟುಂಬದ ಗಂಡಸು ಕುಟುಂಬದ ಆಸ್ತಿಯಲ್ಲಿನ ತನ್ನ ಪಾಲನ್ನು ಉಯಿಲಿನಿಂದ ಯಾರಿಗೂ ಕೊಡುವಂತಿರಲಿಲ್ಲ. ಹಾಗಾಗಿ ಅಣ್ಣತಮ್ಮಂದಿರು, ಗಂಡುಮಕ್ಕಳು ಕೂಡಿ ಬಾಳಿದ ಮನೆಯಲ್ಲಿ ಹಳೆಯ ಉಯಿಲು ಅಪರೂಪ. ಬರೆಸಿದವರು ಪಾಲಾಗಿ ಹೊರಬಂದು ಗಂಡುಸಂತಾನವಿಲ್ಲದೆ ಉಳಿದವರು, ಸ್ವಯಾರ್ಜಿತ ಮಾಡಿದವರು, ಎರಡು ಸಂಸಾರ ಇದ್ದವರು, ವಿಧವೆ ಮಗಳ ಅನ್ನವಸ್ತ್ರಕ್ಕೆ ದಾರಿ ಮಾಡಬೇಕೆಂದುಕೊಂಡವರು, ಕೈಯಲ್ಲಿ ಸ್ತ್ರೀಧನವಿದ್ದ ಹೆಂಗಸರು. ಪತ್ರ ಕೈಗೆ ಬಂದಾಗ ಇದರಲ್ಲಿ ಯಾವ ಕಾರಣ ಎಂದು ಹುಡುಕಿ. ಮೂವರು ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ ಮಾತ್ರ ವರ್ಷಕ್ಕೆ ಇಷ್ಟು ಮುಡಿ ಅಕ್ಕಿ ಎಂದು ಬರೆದಿದ್ದರೆ, ಅವಳು ಗಂಡನ ಮನೆಯಿಂದ ಹಿಂದಿರುಗಿ ಬಂದಿರಬಹುದೆಂದು ನಾನು ಊಹಿಸುತ್ತೇನೆ. ಆಮೇಲೆ ಅದಕ್ಕೆ ಬೇರೆ ಕಡೆ ಸಾಕ್ಷಿ ಹುಡುಕುತ್ತೇನೆ.

ದತ್ತಕದ ವಿಷಯವನ್ನೂ ಇಲ್ಲಿಯೇ ಹೇಳಬೇಕು. ಗಂಡ ಸತ್ತ ಮೇಲೆ ಹೆಂಡತಿ ದತ್ತು ತೆಗೆದುಕೊಳ್ಳಲು ಮದ್ರಾಸ್ ಪ್ರಾಂತದಲ್ಲಿ ಗಂಡ ಕೊಟ್ಟ ಅಧಿಕಾರವೋ ಸಪಿಂಡರ (ಹತ್ತಿರದ ದಾಯಾದಿಗಳ) ಒಪ್ಪಿಗೆಯೋ ಬೇಕಿತ್ತು. ಮುಂಬಯಿ ಪ್ರಾಂತದಲ್ಲಿ ಗಂಡನ ಅಪ್ಪಣೆ ಬೇಕಿರಲಿಲ್ಲ. ಆದ್ದರಿಂದ ಉಡುಪಿ ಕಡೆ ಅಧಿಕಾರ ಪತ್ರ ಹುಡುಕುವುದು ಸಾರ್ಥಕ. ಧಾರವಾಡದ ಕಡೆ ಅಂಥ ಪತ್ರ ಸಿಗಲಿಲ್ಲವೆಂದು ದತ್ತು ನಡೆದಿಲ್ಲ ಎನ್ನಲಾಗದು. ಜಮೀನು ಪತ್ರದಲ್ಲಿ ದತ್ತುಪುತ್ರ ಬರೀ ‘ಮಗ’ ಎಂದೇ ಬರುತ್ತಾನೆ. ಅವನ ರಕ್ತಸಂಬಂಧ ಇನ್ನೊಂದು ಮನೆಯಲ್ಲಿದೆ ಎಂಬುದು ಅಲ್ಲಿ ಕಾಣುವುದೇ ಇಲ್ಲ. ಶಿರಸಂಗಿಯ ಲಿಂಗರಾಜ ದೇಸಾಯಿಯವರು ದತ್ತಕಕ್ಕೆ ಬಂದವರು. 1906ರಲ್ಲಿ ತೀರಿಕೊಂಡ ಅವರು ತಮ್ಮ ಆಸ್ತಿಯನ್ನು ಬಡ ವಿದ್ಯಾರ್ಥಿಗಳ ಓದಿಗೆಂದು ಮೃತ್ಯುಪತ್ರ ಬರೆದಿಟ್ಟಿದ್ದರು. ಹೆಸರಾಂತ ಮನೆತನಗಳಲ್ಲಿ ದತ್ತಕದ ಸಂಗತಿ ಎಲ್ಲರಿಗೂ ಗೊತ್ತಿರುತ್ತದೆ. ಸಾಮಾನ್ಯರ ಮನೆಯಲ್ಲಿ ಎರಡನೆಯ ತಲೆಮಾರಿಗೇ ಮರೆತುಹೋಗಿರುತ್ತದೆ.

2. ಆ ವರ್ಷ ಆ ಊರು ಯಾರ ಆಡಳಿತದಲ್ಲಿತ್ತು?

ಯಾವ ನಿಯಮ ಅನ್ವಯಿಸಿತು, ಕಡತ ಈಗ ಎಲ್ಲಿದೆ ಎಂಬುದು ಇದರ ಮೇಲೆ ನಿಂತಿದೆ. ಉತ್ತರ ಕನ್ನಡ 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಹೋಯಿತು, ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ಬಳ್ಳಾರಿ 1953ರವರೆಗೆ ಮದ್ರಾಸಿನದು. ಧಾರವಾಡ, ಬೆಳಗಾವಿ, ವಿಜಯಪುರ ಮುಂಬಯಿಯವು. ಕಲಬುರಗಿ, ಬೀದರ್, ರಾಯಚೂರು ನಿಜಾಮರವು. ಕಾಸರಗೋಡು 1956ರಲ್ಲಿ ಕೇರಳಕ್ಕೆ ಸೇರಿದ್ದರಿಂದ ಅಲ್ಲಿನ ಕನ್ನಡ ಮನೆಗಳ ನೋಂದಣಿ ಪುಸ್ತಕಗಳನ್ನು ಕೇರಳದ ಕಚೇರಿಗಳಲ್ಲಿ ಕೇಳಬೇಕು. ಪ್ರಾಂತದ ಮೇಲಿನ ಹಂತದ ಕಡತಗಳಿಗೆ ಚೆನ್ನೈಯ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರ, ಮುಂಬಯಿಯ ಮಹಾರಾಷ್ಟ್ರ ಪತ್ರಾಗಾರ, ಬೆಂಗಳೂರಿನ ನಮ್ಮ ರಾಜ್ಯ ಪತ್ರಾಗಾರ ಇವೆ. ಬೆಳಗಾವಿ, ಧಾರವಾಡದ ಹಳೆಯ ಪತ್ರಗಳು ಮೋಡಿ ಲಿಪಿಯಲ್ಲಿರಬಹುದು, ಕಲಬುರಗಿಯವು ಉರ್ದುವಿನಲ್ಲಿ. ಓದಬಲ್ಲವರನ್ನು ಗೊತ್ತುಮಾಡಿಕೊಂಡೇ ಹೊರಡಿ.

3. ಪ್ರೊಬೇಟ್ ಸಿಗಲಿಲ್ಲವೆಂದು ಉಯಿಲೇ ಇರಲಿಲ್ಲ ಎನ್ನಬೇಡಿ

ಪ್ರೊಬೇಟ್ ಎಂದರೆ ಉಯಿಲು ಸಾಚಾ ಎಂದು ನ್ಯಾಯಾಲಯ ಕೊಡುವ ಪ್ರಮಾಣ. ಇಂಗ್ಲೆಂಡಿನ ವಂಶ ಹುಡುಕುವವರಿಗೆ ಆ ದಾಖಲೆಯೇ ದೊಡ್ಡ ಆಧಾರ. 1858ಕ್ಕೆ ಮೊದಲಿನ ಕ್ಯಾಂಟರ್ಬರಿ ಧರ್ಮಪೀಠದ ನ್ಯಾಯಾಲಯದ ಉಯಿಲುಗಳು ಲಂಡನ್ನಿನ ಕ್ಯೂ ಪತ್ರಾಗಾರದಲ್ಲಿವೆ. ಇಲ್ಲಿ ದುಡಿದು ಸತ್ತ ಕಂಪನಿ ನೌಕರರ, ತೋಟದ ದೊರೆಗಳ ಉಯಿಲುಗಳು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಸಿಗುತ್ತವೆ. ಬೆಂಗಳೂರು, ಕೋಲಾರ ಚಿನ್ನದ ಗಣಿ, ಕೊಡಗಿನ ಆಂಗ್ಲೋ-ಇಂಡಿಯನ್ ಮನೆಗಳಿಗೆ ಅದು ಒಳ್ಳೆಯ ದಾರಿ.

ನಮ್ಮ ಹಿಂದೂ ಮನೆಗಳಿಗೆ ಆ ದಾರಿ ಸಾಲದು. ಹಿಂದೂಗಳ ಉಯಿಲಿಗೆ ಪ್ರೊಬೇಟ್ ಕಡ್ಡಾಯವಾಗಿದ್ದುದು ಮುಖ್ಯವಾಗಿ ಬಂಗಾಳದಲ್ಲಿ ಮತ್ತು ಮದ್ರಾಸ್, ಮುಂಬಯಿ ನಗರಗಳಿಗೆ ಸಂಬಂಧಪಟ್ಟಲ್ಲಿ. ಪುತ್ತೂರಿನಲ್ಲಿ ಕುಳಿತು ಪುತ್ತೂರಿನ ಗದ್ದೆಗೆ ಉಯಿಲು ಬರೆದವನ ಮನೆಯವರು ಕೋರ್ಟಿನ ಮೆಟ್ಟಿಲು ಹತ್ತಬೇಕಿರಲಿಲ್ಲ. ಇನ್ನೂ ಹಿಂದೆ ಹೋದರೆ, ಬ್ರಿಟಿಷ್ ಆಡಳಿತದ ಮೊಫಸ್ಸಲಿನಲ್ಲಿ, ಅಂದರೆ ಆ ನಗರಗಳ ಹೊರಗಿನ ನಮ್ಮಂಥ ಜಿಲ್ಲೆಗಳಲ್ಲಿ, 1927ರ ಜನವರಿ 1ಕ್ಕೆ ಮೊದಲು ಹಿಂದೂವಿನ ಬಾಯಿಮಾತಿನ ಉಯಿಲೂ ಸಲ್ಲುತ್ತಿತ್ತು; ಆ ದಿನದಿಂದೀಚೆಗೆ ಬರಹ, ಇಬ್ಬರು ಸಾಕ್ಷಿಗಳು ಬೇಕಾದರು. ಉಯಿಲಿಗೆ ಛಾಪಾ ಕಾಗದವೂ ಬೇಡ. ಬಿಳಿ ಹಾಳೆಯಲ್ಲಿ ಬರೆದದ್ದು ಸಲ್ಲುತ್ತದೆ. ಹೀಗಾಗಿ ಅಟ್ಟದ ಪೆಟ್ಟಿಗೆಯಲ್ಲಿ ಛಾಪಾ ಕಾಗದಗಳನ್ನು ಮಾತ್ರ ಎತ್ತಿಟ್ಟು ಉಳಿದ ಹಾಳೆಗಳನ್ನು ಬಚ್ಚಲೊಲೆಗೆ ಹಾಕುವವರ ಕೈ ಹಿಡಿದು ನಿಲ್ಲಿಸಬೇಕು.

ಕ್ರೈಸ್ತ ಮನೆಗಳ ಸಂಗತಿ ಬೇರೆ. 2002ರ ತಿದ್ದುಪಡಿಯವರೆಗೆ ಭಾರತೀಯ ಕ್ರೈಸ್ತರ ಉಯಿಲಿಗೆ ಪ್ರೊಬೇಟ್ ಬೇಕಿತ್ತು. ಪ್ರೊಬೇಟ್ ಆದ ಉಯಿಲಿನ ಮೂಲಪ್ರತಿಯನ್ನು ಜಿಲ್ಲಾ ನ್ಯಾಯಾಲಯದಲ್ಲೇ ಕಾದಿಡಬೇಕೆಂದು ಕಾಯ್ದೆ ಹೇಳುತ್ತದೆ. ಮಂಗಳೂರಿನ ಕ್ರೈಸ್ತರು ಅಲ್ಲಿಂದಲೇ ತೊಡಗಬಹುದು.

4. ಮೂರನೆಯ ಪುಸ್ತಕವನ್ನು ಕೇಳಿ

ಬಹಳ ಜನರಿಗೆ ಗೊತ್ತಿಲ್ಲದ ಕಾರಣ ಇದನ್ನು ಬಿಡಿಸಿ ಹೇಳುತ್ತೇನೆ. ಉಪನೋಂದಣಿ ಕಚೇರಿಯಲ್ಲಿ ಕ್ರಯ, ಅಡಮಾನ, ವಿಭಾಗ, ದಾನಪತ್ರಗಳು 1ನೇ ಪುಸ್ತಕಕ್ಕೆ ಹೋಗುತ್ತವೆ. ಉಯಿಲು ಮತ್ತು ದತ್ತಕದ ಅಧಿಕಾರ ಪತ್ರಗಳದ್ದು 3ನೇ ಪುಸ್ತಕ. ಋಣಭಾರ ಪತ್ರ ತೆಗೆಸಿ, ಅದರಲ್ಲಿ ಉಯಿಲು ಬರಲಿಲ್ಲ ಎಂದು ಹಿಂದಿರುಗುವವರು ಹುಡುಕಿರುವುದು 1ನೇ ಪುಸ್ತಕವನ್ನು. ಲಕೋಟೆಯಲ್ಲಿ ಮುಚ್ಚಿ ಠೇವಣಿ ಇಟ್ಟ ಉಯಿಲುಗಳಿಗೆ 5ನೇ ಪುಸ್ತಕವಿದೆ, ಅದು ಜಿಲ್ಲಾ ನೋಂದಣಾಧಿಕಾರಿಯ ಕಚೇರಿಯಲ್ಲಿ.

1ನೇ ಪುಸ್ತಕವನ್ನು ಶುಲ್ಕ ಕಟ್ಟಿ ಯಾರೂ ನೋಡಬಹುದು. 3ನೇ ಪುಸ್ತಕ ಹಾಗಲ್ಲ. ಬರೆಸಿದವರು ಬದುಕಿರುವವರೆಗೆ ಅವರಿಗೆ ಇಲ್ಲವೇ ಅವರ ಏಜೆಂಟರಿಗೆ ಮಾತ್ರ ನಕಲು. ಅವರು ಸತ್ತ ಮೇಲೆ ಅರ್ಜಿ ಹಾಕಿದ ಯಾರಿಗೂ ನಕಲು ಕೊಡಬೇಕೆಂದು 1908ರ ನೋಂದಣಿ ಕಾಯ್ದೆಯ 57ನೇ ಕಲಮಿನಲ್ಲಿದೆ. ಕಲಮಿನ ಸಂಖ್ಯೆಯನ್ನು ಅರ್ಜಿಯಲ್ಲೇ ಬರೆಯಿರಿ, ಮರಣದ ಆಧಾರವನ್ನು ಜೊತೆಗಿಡಿ. 3ನೇ ಪುಸ್ತಕದ ಸೂಚಿಯಲ್ಲಿ ಉಯಿಲು ಬರೆಸಿದವರ ಹೆಸರಿನ ಜೊತೆಗೆ ಅದನ್ನು ನಡೆಸಬೇಕಾದವರ ಹೆಸರೂ, ಬರೆಸಿದವರು ಸತ್ತ ಬಳಿಕ ಅದರ ಮೇಲೆ ಹಕ್ಕು ಪಡೆದವರ ಹೆಸರೂ ಸೇರಬೇಕು. ಮುತ್ತಜ್ಜನ ಹೆಸರಿನಲ್ಲಿ ಸಿಗದ ಉಯಿಲನ್ನು ಅಳಿಯನ ಹೆಸರಿನಲ್ಲಿ, ಮಗಳ ಹೆಸರಿನಲ್ಲಿ ಹುಡುಕಿಸಿ.

ಉಯಿಲಿಗೆ ನೋಂದಣಿ ಕಡ್ಡಾಯವಲ್ಲ. ಆದರೆ ಜಗಳ ಬಂದೀತೆಂಬ ಭಯವಿದ್ದವರು ಮಾಡಿಸುತ್ತಿದ್ದರು, ಜಗಳದ ಮನೆಯ ಉಯಿಲಿನಲ್ಲೇ ಹೆಚ್ಚು ಹೆಸರುಗಳಿರುತ್ತವೆ.

5. ಉಯಿಲಿಲ್ಲದೆ ಸತ್ತವರ ಕಡತ ಇನ್ನೂ ಸಮೃದ್ಧ

ಇದು ವಿಚಿತ್ರವೆನಿಸಬಹುದು. ಪ್ರೊಬೇಟ್ ಅರ್ಜಿಯಲ್ಲಿ ಸತ್ತ ದಿನ, ಉಯಿಲಿನ ಸಾಚಾತನ, ಆಸ್ತಿಯ ಮೌಲ್ಯ ಇದ್ದರೆ ಸಾಕು. ಉಯಿಲಿಲ್ಲದೆ ಸತ್ತವರ ಆಸ್ತಿಯ ಆಡಳಿತಾಧಿಕಾರ ಬೇಡುವ ಅರ್ಜಿಯಲ್ಲಿ ಸತ್ತ ದಿನ ಮತ್ತು ಸ್ಥಳದ ಜೊತೆ ಸತ್ತವರ ಸಂಸಾರದವರು, ಬಂಧುಗಳು ಯಾರು, ಅವರವರು ಎಲ್ಲಿ ವಾಸವಾಗಿದ್ದಾರೆ ಎಂಬುದನ್ನೂ ಕಾಣಿಸಬೇಕು. ಬ್ಯಾಂಕಿನ ಹಣ, ಸಾಲದ ವಸೂಲಿಗೆಂದು ಪಡೆಯುವ ಉತ್ತರಾಧಿಕಾರ ಪ್ರಮಾಣಪತ್ರದ ಅರ್ಜಿಯೂ ಹಾಗೆಯೇ. ಮುಂಬಯಿ ಪ್ರಾಂತದ ಜಿಲ್ಲೆಗಳಲ್ಲಿ 1827ರ 8ನೇ ರೆಗ್ಯುಲೇಶನ್ ಪ್ರಕಾರ ವಾರಸುದಾರರಿಗೆ ಕೊಟ್ಟ ಪ್ರಮಾಣಪತ್ರಗಳೂ ಇವೆ. ಇವುಗಳಲ್ಲಿ ಮುಂಬಯಿಗೆ ಹೋಟೆಲಿಗೆ ಹೋದ ಚಿಕ್ಕಪ್ಪ, ಘಟ್ಟದ ಮೇಲೆ ನೆಲೆಸಿದ ಅಕ್ಕ ವಿಳಾಸ ಸಮೇತ ಸಿಗಬಹುದು. ಪಾಲಿನ ದಾವೆಗಳಲ್ಲಿ ವಾದಿ ತಾನೇ ವಂಶವೃಕ್ಷ ಬರೆದು ಹಾಕಿರುತ್ತಾನೆ, ಪ್ರತಿವಾದಿ ಅದನ್ನು ಅಲ್ಲಗಳೆದಿರುತ್ತಾನೆ. ಎರಡನ್ನೂ ತೀರ್ಪಿನ ಜೊತೆ ಓದಬೇಕು. ಹಳೆಯ ಕೋರ್ಟ್ ಕಾಗದಗಳನ್ನು ಅವಧಿ ಮುಗಿದ ಮೇಲೆ ನಾಶಮಾಡಲು ನಿಯಮಗಳಿವೆ; ತಡಮಾಡದಿರುವುದು ಒಳ್ಳೆಯದು.

6. ಪೀಠಿಕೆ ಮತ್ತು ಚಕ್ಕುಬಂದಿ

ಎಲ್ಲರೂ ಓದುವುದು ಯಾರಿಗೆ ಏನು ಕೊಟ್ಟರು ಎಂಬ ನಡುವಿನ ಭಾಗವನ್ನು. ನಾನು ಮೊದಲು ಓದುವುದು ಆಸ್ತಿ ತನಗೆ ಹೇಗೆ ಬಂತು ಎಂದು ಹೇಳುವ ಪೀಠಿಕೆಯನ್ನು. ‘ನನ್ನ ತಂದೆಯವರ ಕಾಲದಲ್ಲಿ ಆದ ಇಂಥ ಇಸವಿಯ ಇಂಥ ನಂಬ್ರದ ವಿಭಾಗಪತ್ರದ ಪ್ರಕಾರ’ ಎಂಬ ಒಂದು ಸಾಲು ಸಿಕ್ಕಿದರೆ ಮುಂದಿನ ಅರ್ಜಿ ಆ ನಂಬ್ರಕ್ಕೆ. ಆ ವಿಭಾಗಪತ್ರದಲ್ಲಿ ಅಣ್ಣತಮ್ಮಂದಿರೆಲ್ಲ ತಂದೆಯ ಹೆಸರು, ವಯಸ್ಸಿನ ಸಮೇತ ನಿಂತಿರುತ್ತಾರೆ, ಅದರ ಪೀಠಿಕೆ ಇನ್ನೂ ಹಿಂದಿನ ಪತ್ರವನ್ನು ಹೇಳುತ್ತದೆ. ಹೀಗೆ ಬಾವಿಯ ಮೆಟ್ಟಿಲಿಳಿದಂತೆ ಒಂದೊಂದೇ ಕೆಳಗಿಳಿದು, ನೋಂದಣಿ ಕಾಯ್ದೆ ಮೊದಲು ಬಂದ 1864ರ ಆಸುಪಾಸಿನವರೆಗೂ ತಲುಪಲು ಸಾಧ್ಯ.

ಕೊನೆಯಲ್ಲಿರುವ ಚಕ್ಕುಬಂದಿಯನ್ನು ಯಾರೂ ಓದುವುದಿಲ್ಲ. ಪೂರ್ವಕ್ಕೆ ಇಂಥವನ ಗದ್ದೆ, ಪಶ್ಚಿಮಕ್ಕೆ ತೋಡು, ಉತ್ತರಕ್ಕೆ ಇಂಥವಳ ಅಡಿಕೆ ತೋಟ. ಪಾಲಾದ ಆಸ್ತಿಯಲ್ಲಿ ನೆರೆಯವನು ಬಹುಮಟ್ಟಿಗೆ ದಾಯಾದಿ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ನಮ್ಮಲ್ಲಿ ಒಂದೇ ಊರಿನಲ್ಲಿ ಒಂದೇ ಕಾಲಕ್ಕೆ ಮೂವರು ಸುಬ್ರಾಯರಿರುವುದು ಸಾಮಾನ್ಯ. ಅವರನ್ನು ಬೇರ್ಪಡಿಸಲು ಅವರವರ ಗದ್ದೆಯ ಗಡಿಗಿಂತ ಗಟ್ಟಿ ಆಧಾರ ನನಗೆ ಸಿಕ್ಕಿಲ್ಲ.

7. ಅಳಿಯಸಂತಾನದ ಮನೆಗಳಲ್ಲಿ ಎರಡು ಸಂಸಾರಗಳೂ ಒಂದೇ ಪತ್ರದಲ್ಲಿ

ಬಂಟರು ಮೊದಲಾದ ಅಳಿಯಸಂತಾನದ ಸಮುದಾಯಗಳಲ್ಲಿ ಕುಟುಂಬವೆಂದರೆ ತಾಯಿಯ ಕಡೆಯದು. ಯಜಮಾನ ಉಯಿಲಿಲ್ಲದೆ ಸತ್ತರೆ ಅವನ ದುಡಿಮೆಯ ಆಸ್ತಿ ಹಳೆಯ ಕಟ್ಟಿನಂತೆ ಅವನ ತಾಯಿಯ ಕುಟುಂಬದ ಕಡೆಗೆ ಹೋಗುತ್ತಿತ್ತು, ಹೆಂಡತಿ ಮಕ್ಕಳಿಗಲ್ಲ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ, ಆಮೇಲೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಇದನ್ನು ಬದಲಿಸಿದವು. ಅದಕ್ಕೆ ಮೊದಲು ಮಕ್ಕಳಿಗೆ ಏನಾದರೂ ಬಿಡಬೇಕೆಂದ ತಂದೆ ಉಯಿಲನ್ನೋ ದಾನಪತ್ರವನ್ನೋ ಬರೆಸಬೇಕಿತ್ತು. ಅದರಲ್ಲಿ ಹೆಂಡತಿ, ಮಕ್ಕಳು ಬರುತ್ತಾರೆ; ಮುಂದೆ ತಕರಾರು ಮಾಡಬಾರದೆಂದು ಅಕ್ಕತಂಗಿಯರು, ಸೋದರಳಿಯಂದಿರೂ ಹೆಸರಿನೊಂದಿಗೆ ಬರುತ್ತಾರೆ. ಇಷ್ಟು ಸಂಬಂಧಗಳನ್ನು ಒಟ್ಟಿಗೆ ಹೇಳುವ ಪತ್ರ ನನ್ನ ಓದಿನಲ್ಲಿ ಬೇರೆ ಇಲ್ಲ. ತಂದೆಯ ಸಾಲನ್ನು ಮಾತ್ರ ಹಿಡಿದು ಹೋಗುವ ವಂಶವೃಕ್ಷದ ನಮೂನೆ ಈ ಮನೆಗಳಿಗೆ ಹೊಂದುವುದಿಲ್ಲ; ಅಜ್ಜಿಯಿಂದ ಬರೆಯಲು ತೊಡಗಿ.

8. ಹೆಣ್ಣುಮಕ್ಕಳ ಎರಡು ಹೆಸರು

ಸಾರಸ್ವತರ ಮನೆಗಳಲ್ಲಿ ಮದುವೆಯಾದ ಹುಡುಗಿಗೆ ಗಂಡನ ಮನೆಯಲ್ಲಿ ಹೊಸ ಹೆಸರಿಡುತ್ತಿದ್ದರು. ಮೈಸೂರು ಕಡೆಯ ಪತ್ರಗಳಲ್ಲಿ ಹೆಂಗಸು ‘ಇಂಥವರ ಕೋಂ’ ಎಂದು ಗಂಡನ ಹೆಸರಿನೊಂದಿಗೆ ಬರುತ್ತಾಳೆ, ತಂದೆ ಮಾಯ. ತವರಿನ ಹೆಸರು, ಗಂಡನ ಹೆಸರು, ಊರು ಮೂರೂ ಒಟ್ಟಿಗೆ ಇರುವುದು ತಂದೆಯ ಉಯಿಲಿನಲ್ಲಿ. ಅಜ್ಜಿಯ ತವರು ಬೇಕಿದ್ದರೆ ಅಜ್ಜನ ಪತ್ರಗಳನ್ನು ಬಿಟ್ಟು ಅವಳ ತಂದೆಯ ಊರಿನ ಸೂಚಿಯನ್ನು ತೆರೆಸಿ.

9. ಇಸವಿ

ಪತ್ರದಲ್ಲಿ ಬರೀ ‘ಪಾರ್ಥಿವ ಸಂವತ್ಸರ’ ಎಂದಿದ್ದರೆ ಅದು 1825, 1885, 1945ರಲ್ಲಿ ತೊಡಗಿದ ಯಾವ ವರ್ಷವೂ ಆದೀತು. ಮದ್ರಾಸ್ ಪ್ರಾಂತದ ಫಸಲಿ ಎಂಬ ಕಂದಾಯ ವರ್ಷಕ್ಕೆ 590 ಕೂಡಿಸಿ: ಫಸಲಿ 1300 ಎಂದರೆ 1890ರ ಜುಲೈಯಿಂದ ಮರುವರ್ಷದ ಜೂನ್.

10. ಬಂಧುಗಳಿಗೆ ಮೊದಲೇ ತಿಳಿಸಿ

ಹಳೆಯ ಪತ್ರ ತೆಗೆಸುತ್ತಿದ್ದೀರೆಂದು ಗೊತ್ತಾದ ಕೂಡಲೇ ದೊಡ್ಡಪ್ಪನ ಮನೆಯಲ್ಲಿ ಪಾಲು ಕೇಳಲು ಬರುತ್ತಾನೆಂಬ ಭಯ ಹುಟ್ಟುತ್ತದೆ. ಅದು ಸಹಜವಾದ ಭಯ. ಉದ್ದೇಶವನ್ನು ಮನೆಗೆ ಹೋಗಿ ಹೇಳಿ, ಸಿಕ್ಕಿದ ನಕಲನ್ನು ಅವರಿಗೂ ಕೊಡಿ. ಎರಡನೆಯ ಸಂಸಾರ, ಬಿಟ್ಟುಹೋದ ಮಗಳು, ಹೊರಹಾಕಿದ ಮಗ ಪತ್ರದಲ್ಲಿ ಸಿಕ್ಕಿದರೆ ಆ ಸಾಲಿನಲ್ಲಿ ಈಗ ಬದುಕಿರುವವರನ್ನು ನೆನೆದು, ಅವರ ಒಪ್ಪಿಗೆ ಪಡೆದೇ ಇತರರಿಗೆ ಹೇಳಿ.

11. ಒಕ್ಕಲಿನ ವಂಶ ಧಣಿಯ ಉಯಿಲಿನಲ್ಲಿದೆ

ನಮ್ಮಲ್ಲಿ ಆಸ್ತಿಯೇ ಇರಲಿಲ್ಲ, ಉಯಿಲು ಎಲ್ಲಿಂದ ಬರಬೇಕು ಎಂದು ಹಿಂದೆ ಸರಿಯುವವರಿಗೆ ನಾನು ಹೇಳುವುದು ಇದು. ದಕ್ಷಿಣ ಕನ್ನಡದ ಧಣಿಗಳ ಉಯಿಲಿನ ಕೊನೆಯ ಪುಟಗಳಲ್ಲಿ ಆಸ್ತಿಯ ವಿವರದೊಂದಿಗೆ ಗೇಣಿಯ ಪಟ್ಟಿಯೂ ಇರುವುದುಂಟು: ಇಂಥ ಗದ್ದೆ, ಇಂಥವನ ಮೂಲಗೇಣಿ (ಕಾಯಂ ಗೇಣಿ) ಅಥವಾ ಚಾಲಗೇಣಿ (ತಾತ್ಕಾಲಿಕ ಗೇಣಿ), ವರ್ಷಕ್ಕೆ ಇಷ್ಟು ಮುಡಿ ಅಕ್ಕಿ. ಮೂಲಗೇಣಿ ವಂಶಪಾರಂಪರ್ಯದ್ದಾದ್ದರಿಂದ ಒಂದು ತಲೆಮಾರಿನ ಬಳಿಕ ಧಣಿಯ ಮಗ ಬರೆಸಿದ ಪತ್ರದಲ್ಲಿ ಅದೇ ಗದ್ದೆಯ ಮುಂದೆ ಒಕ್ಕಲಿನ ಮಗನ ಹೆಸರು ಬರುತ್ತದೆ. ಎರಡನ್ನೂ ಪಕ್ಕದಲ್ಲಿಟ್ಟರೆ ಓದುಬರಹ ಇಲ್ಲದವರ ಮನೆಯ ತಂದೆ ಮಗ ಕಾಣುತ್ತಾರೆ. ಅವರ ಹೆಸರುಗಳೂ ನಮ್ಮ ಚರಿತ್ರೆಗೆ ಸೇರಬೇಕೆಂದು ನನಗೆ ಬಹಳ ಆಸೆ.

ಮನೆಯ ಗದ್ದೆ ಯಾವ ಧಣಿಯದಾಗಿತ್ತು ಎಂದು ತಿಳಿಯಲು ‘ಡಿಕ್ಲರೇಶನ್’ ಕಡತಕ್ಕೆ ಹೋಗಬೇಕು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯಲ್ಲಿ ಒಕ್ಕಲುಗಳು ನಮೂನೆ 7ರಲ್ಲಿ ಕೊಟ್ಟ ಅರ್ಜಿಯೇ ಈ ‘ಡಿಕ್ಲರೇಶನ್’. ತಾಲೂಕು ಕಚೇರಿಯಲ್ಲಿ ಭೂನ್ಯಾಯಮಂಡಳಿಯ ಆ ಕಡತಕ್ಕೆ ಅರ್ಜಿ ಹಾಕಿ. ಧಣಿಯ ಹೆಸರು, ಸರ್ವೆ ನಂಬ್ರಗಳು ಅದರಲ್ಲಿವೆ. ಯಾರ ಕಾಲದಿಂದ ಈ ಗದ್ದೆ ಮಾಡುತ್ತಿದ್ದೀರಿ ಎಂಬ ಪ್ರಶ್ನೆಗೆ ಅಜ್ಜ ಮಂಡಳಿಯ ಮುಂದೆ ಕೊಟ್ಟ ಹೇಳಿಕೆ ಇರಬಹುದು. ವಿಚಾರಣೆ ಮುಗಿಯುವ ಮೊದಲೇ ಅಜ್ಜ ತೀರಿಕೊಂಡಿದ್ದರೆ ವಾರಸುದಾರರನ್ನು ಸೇರಿಸಲು ಕೊಟ್ಟ ಅರ್ಜಿಯನ್ನೂ ಅದೇ ಕಡತದಲ್ಲಿ ಹುಡುಕಿ, ಹೆಂಡತಿ ಮಕ್ಕಳ ಹೆಸರು ವಯಸ್ಸಿನ ಸಮೇತ ಅಲ್ಲಿರುತ್ತದೆ.