ಹೊಸ ಕಂಪ್ಯೂಟರಿನೊಳಗೆ ಹಳೆಯ ಕಂಪ್ಯೂಟರ್



ಸಂಘದ ಉಳಿತಾಯ ಮತ್ತು ಸಾಲದ ಖಾತೆ ಎಂದರೆ ನಮ್ಮ ದುಡಿಮೆಯ ಲೆಕ್ಕ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಯಾವ ಕಡೆಯ ಸಂಘವೇ ಇರಲಿ, ಬಹಳ ಹಿಂದೆ ಲೆಕ್ಕವನ್ನು ಕಂಪ್ಯೂಟರಿಗೆ ಹಾಕಿಸಿದ್ದರೆ ಅದು ವಿಂಡೋಸ್ ಎಕ್ಸ್‌ಪಿ ಇರುವ ಯಂತ್ರದಲ್ಲಿರಬಹುದು. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಕಂಪನಿಯ ಬೆಂಬಲ ೨೦೧೪ರ ಏಪ್ರಿಲ್ ೮ಕ್ಕೆ ನಿಂತಿದೆ. ಯಂತ್ರ ಕೆಟ್ಟರೆ "ಹೊಸಾದು ತಂದ್ರಾತು" ಎನ್ನುತ್ತೇವೆ. ಆದರೆ ಹಳೆಯ ಲೆಕ್ಕದ ತಂತ್ರಾಂಶ ಹೊಸದರಲ್ಲಿ ತೆರೆಯದಿದ್ದರೆ? ಯಾರು ಎಷ್ಟು ತುಂಬಿದರು, ಯಾರ ಸಾಲ ತೀರಿತು ಎಂಬುದಕ್ಕೆ ಬಾಯಿಮಾತೇ ಸಾಕ್ಷಿ. ಜಗಳ ಶುರುವಾಗುವುದು ಅಲ್ಲಿಂದಲೇ.

ಇದಕ್ಕೊಂದು ದಾರಿ ವರ್ಚುವಲ್ ಮಷಿನ್.

ಏನಿದು?
ನಮ್ಮ ಮನೆಯ ಒಂದು ಖೋಲಿಯನ್ನು ಬಾಡಿಗೆಗೆ ಕೊಟ್ಟಂತೆ. ಗೋಡೆ, ಮಾಳಿಗೆ ನಮ್ಮದೇ. ಅವರ ಒಲೆ ಬೇರೆ, ಅಡಿಗೆ ಬೇರೆ. ಹಾಗೆಯೇ ಹೊಸ ಕಂಪ್ಯೂಟರಿನ ಮೆಮೊರಿ ಮತ್ತು ಡಿಸ್ಕಿನಲ್ಲಿ ಒಂದು ಪಾಲು ಪಡೆದು, ಅದರೊಳಗೇ ಇನ್ನೊಂದು ಕಂಪ್ಯೂಟರ್ ನಡೆಯುತ್ತದೆ. ಅದರಲ್ಲಿ ಹಳೆಯ ವಿಂಡೋಸ್ ಹಾಕಬಹುದು. ಲಿನಕ್ಸ್ ಕಲಿಯಲೂ ಬಳಸಬಹುದು.

ಎಲ್ಲದಕ್ಕೂ ಬೇಕೇ?
ಬೇಡ. ಕನ್ನಡ ಗಣಕ ಪರಿಷತ್ತಿನ 'ನುಡಿ'ಯಲ್ಲಿ ಟೈಪ್ ಮಾಡಿದ ಹಳೆಯ ಠರಾವಿನ ಅಕ್ಷರ ಮಾತ್ರ ಕಾಣದಿದ್ದರೆ, ನುಡಿ ಅಕ್ಷರಶೈಲಿಯನ್ನು ಹಾಕಿ ನೋಡಿ. ಸಾಮಾನ್ಯವಾಗಿ ಅಷ್ಟೇ ಸಾಕು. ತಂತ್ರಾಂಶವೇ ನಡೆಯದಿದ್ದಾಗ ಮಾತ್ರ ಈ ದಾರಿ.

ಮಾಡುವ ಕ್ರಮ
೧. ಹಳೆಯ ಯಂತ್ರ ಇನ್ನೂ ನಡೆಯುತ್ತಿರುವಾಗಲೇ ಲೆಕ್ಕದ ಕಡತಗಳನ್ನೂ ತಂತ್ರಾಂಶದ ಸಿ.ಡಿ.ಯನ್ನೂ ಜೋಪಾನ ಮಾಡಿ.
೨. ಹೊಸ ಕಂಪ್ಯೂಟರಿನಲ್ಲಿ ೮ ಜಿ.ಬಿ. ಮೆಮೊರಿ ಇದ್ದರೆ ಅನುಕೂಲ. ಬಯೋಸ್‌ನಲ್ಲಿ ವರ್ಚುವಲೈಸೇಶನ್ ಚಾಲೂ ಇದೆಯೇ ಎಂದು ತಿಳಿದವರಿಂದ ನೋಡಿಸಿ.
೩. ಒರಾಕಲ್ ಕಂಪನಿಯ ವರ್ಚುವಲ್‌ಬಾಕ್ಸ್ ತಂತ್ರಾಂಶವನ್ನು ಹಾಕಿ. ಅದನ್ನು ಹಣ ಕೊಡದೆ ಪಡೆಯಬಹುದು.
೪. 'ನ್ಯೂ' ಒತ್ತಿ ಹೆಸರು ಕೊಡಿ. ಎಕ್ಸ್‌ಪಿಗೆ ೧ ಜಿ.ಬಿ. ಮೆಮೊರಿ, ೨೦ ಜಿ.ಬಿ. ಡಿಸ್ಕ್ ಸಾಕು.
೫. ಎಕ್ಸ್‌ಪಿ ಹಾಕಿ, ಆಮೇಲೆ ಲೆಕ್ಕದ ತಂತ್ರಾಂಶ ಹಾಕಿ. ವಿಂಡೋಸಿಗೆ ಪರವಾನಗಿ ಇರಬೇಕು.

ಎಚ್ಚರಿಕೆ
ಒಳಗಿನ ಎಕ್ಸ್‌ಪಿಗೆ ಇಂಟರ್‌ನೆಟ್ ಕೊಡಬೇಡಿ. ಅದಕ್ಕೀಗ ರಕ್ಷಣೆ ಇಲ್ಲ. ಏನಾದರೂ ಬದಲಿಸುವ ಮುಂಚೆ 'ಸ್ನ್ಯಾಪ್‌ಶಾಟ್' ತೆಗೆದರೆ, ಕೆಟ್ಟಾಗ ಹಿಂದಿನ ಸ್ಥಿತಿಗೆ ಮರಳಬಹುದು. ಆದರೆ ಅದನ್ನೇ ನಂಬಿ ಕೂಡಬೇಡಿ. ಮನೆ ಬಿದ್ದರೆ ಬಾಡಿಗೆ ಖೋಲಿಯೂ ಬೀಳುತ್ತದೆ. ಆದ್ದರಿಂದ ವರ್ಚುವಲ್ ಮಷಿನ್ ಬಂದ್ ಮಾಡಿ, ಅದರ ಫೋಲ್ಡರನ್ನು ಬೇರೆ ಹಾರ್ಡ್‌ಡಿಸ್ಕಿಗೆ ನಕಲು ಮಾಡಿ, ಇನ್ನೊಬ್ಬ ಸದಸ್ಯೆಯ ಮನೆಯಲ್ಲಿಡಿ. ಹಳೆಯ ಲೆಕ್ಕ ತೆರೆದ ದಿನವೇ ಮುದ್ರಿಸಿ, ಸಭೆಯಲ್ಲಿ ಓದಿ, ಸಹಿ ಮಾಡಿಸಿ. ಕಾಗದದ ಮೇಲಿನ ಲೆಕ್ಕಕ್ಕೆ ಯಾವ ವಿಂಡೋಸೂ ಬೇಡ.

ಸಭೆಯಲ್ಲಿ ಚರ್ಚಿಸೋಣ
೧. ನಮ್ಮ ಸಂಘದ ಹಳೆಯ ಲೆಕ್ಕ ಯಾವ ಯಂತ್ರದಲ್ಲಿದೆ? ಅದನ್ನು ತೆರೆಯಲು ಬರುವವರು ಎಷ್ಟು ಮಂದಿ?
೨. ಆ ಯಂತ್ರ ನಾಳೆ ಕೆಟ್ಟರೆ ನಮ್ಮ ಕೈಯಲ್ಲಿ ಏನು ಉಳಿಯುತ್ತದೆ?
೩. ಇದನ್ನು ಕಲಿಯಲು ಸಂಘದಿಂದ ಯಾವ ಇಬ್ಬರನ್ನು ಆರಿಸೋಣ?